ಹೊರಗೆ 23 ಡಿಗ್ರಿ ಅಂದರೆ ಸ್ವೆಟರ್ ಸಾಕಾ?

ಮಗಳ ಬಾಣಂತನಕ್ಕೆ ಅಂತ ಮೈಸೂರಿನಿಂದ ನ್ಯೂಜೆರ್ಸಿಗೆ ಬಂದು ಮೂರು ವಾರ ಆಯಿತು. ಬಂದ ಎರಡನೇ ದಿನ ಮಗಳ ಫೋನಿನಲ್ಲಿ ಹವೆ ನೋಡಿದೆ. 23 ಅಂತ ಇತ್ತು. ನಮ್ಮೂರಿನ ಸಂಜೆ ಹಾಗೇ ಅಲ್ವಾ ಅಂದುಕೊಂಡು, ಸೀರೆ ಮೇಲೊಂದು ಸ್ವೆಟರ್ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಕಸದ ಚೀಲ ಇಟ್ಟು ಬರಲು ಹೊರಟೆ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕಿವಿ ಉರಿಯತೊಡಗಿತು. ಆಮೇಲೆ ಅಳಿಯ ಹೇಳಿದರು, ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೈನಸ್ 5 ಅಂತ.

ಮನೆಯ ಹೀಟರ್ 68 ಅನ್ನುತ್ತದೆ. ಓವನ್ 350 ಅನ್ನುತ್ತದೆ. ಬಿಸಿನೀರಿನ ಟ್ಯಾಂಕ್ 120. ಶಾಲೆಯಲ್ಲಿ ಕಲಿತ ಸೂತ್ರ ಮರೆತಿಲ್ಲ: 32 ಕಳೆ, 5ರಿಂದ ಗುಣಿಸು, 9ರಿಂದ ಭಾಗಿಸು. ಆದರೆ ತೊಡೆ ಮೇಲೆ ಮಗು ಅಳುತ್ತಿರುವಾಗ 9ರಿಂದ ಭಾಗಿಸೋದು ಯಾರಿಗೆ ಆಗುತ್ತದೆ? ವರ್ಷಗಟ್ಟಲೆ ಇಲ್ಲಿರುವವರು ಏನು ಮಾಡುತ್ತೀರಿ?

ಮಿನಿಯಾಪೊಲಿಸ್‌ನಿಂದ:
ನಿಮ್ಮ ಕಿವಿಗೆ ಆದದ್ದು ನಮಗೆಲ್ಲ ಆಗಿದೆ. ಮೊದಲ ಎರಡು ವರ್ಷ ನಾನು ಪ್ರತಿ ಸಲ ಫೋನಿನಲ್ಲೇ ಲೆಕ್ಕ ನೋಡುತ್ತಿದ್ದೆ. ಹಾಗಾಗಿ ತಲೆಗೆ ಒಂದೂ ಇಳಿಯಲಿಲ್ಲ. ಕೊನೆಗೆ ಮಗ್ಗಿ ಥರ ಕಲಿತೆ. ಸೊನ್ನೆಗೆ 32. ಅಲ್ಲಿಂದ ಸೆಲ್ಸಿಯಸ್ 5 ಏರಿದರೆ ಫ್ಯಾರನ್‌ಹೀಟ್ 9 ಏರುತ್ತದೆ. 5ಕ್ಕೆ 41, 10ಕ್ಕೆ 50, 15ಕ್ಕೆ 59, 20ಕ್ಕೆ 68, 25ಕ್ಕೆ 77, 30ಕ್ಕೆ 86, 35ಕ್ಕೆ 95, 40ಕ್ಕೆ 104. ಇದರಲ್ಲಿ ಅಂದಾಜು ಯಾವುದೂ ಇಲ್ಲ, ಎಲ್ಲ ಕರಾರುವಾಕ್ಕು. ಕೆಳಗೆ ಇಳಿಯುವಾಗಲೂ ಅಷ್ಟೇ: ಮೈನಸ್ 5ಕ್ಕೆ 23, ಮೈನಸ್ 10ಕ್ಕೆ 14. ಬಾಯಿಪಾಠ ಆಗಲು ಒಂದು ವಾರ ಸಾಕು.

ಇನ್ನೊಂದು ಮೋಜು ಇದೆ. 16 ತಿರುಗಿಸಿದರೆ 61, 28 ತಿರುಗಿಸಿದರೆ 82. ಹೆಚ್ಚುಕಡಿಮೆ ಸರಿಯೇ. ಮೈನಸ್ 40 ಮಾತ್ರ ಎರಡು ಅಳತೆಯಲ್ಲೂ ಒಂದೇ. ನಮ್ಮಲ್ಲಿ ಗಾಳಿಯ ಕೊರೆತವನ್ನೂ ಸೇರಿಸಿ ಹೇಳುವ ಅಂಕಿ ಅಷ್ಟಕ್ಕೆ ಇಳಿದದ್ದುಂಟು. ಅವತ್ತು ಯಾವ ಅಳತೆ ಅಂತ ಯಾರೂ ಕೇಳಲ್ಲ.

ಟೆಕ್ಸಸ್‌ನಿಂದ:
ಇಷ್ಟೆಲ್ಲ ಯಾಕೆ? 30 ಕಳೆಯಿರಿ, ಅರ್ಧ ಮಾಡಿ. ಮುಗೀತು.

ಧಾರವಾಡದಿಂದ, ನಿವೃತ್ತ ಭೌತಶಾಸ್ತ್ರ ಮೇಷ್ಟ್ರು:
ಟೆಕ್ಸಸ್‌ನವರ ಉಪಾಯ 50ರ ಆಸುಪಾಸಿನಲ್ಲಿ ಚೆನ್ನಾಗಿ ನಡೆಯುತ್ತದೆ. ಅಲ್ಲಿಂದ ದೂರ ಹೋದಷ್ಟೂ ಕೆಡುತ್ತದೆ. 104ಕ್ಕೆ ಹಾಕಿ ನೋಡಿ. 30 ಕಳೆದರೆ 74, ಅರ್ಧ 37. ನಿಜಕ್ಕೂ ಅದು 40. ಹೊರಗಿನ ಬಿಸಿಲಾದರೆ ನಡೆಯುತ್ತೆ ಅನ್ನೋಣ. ಆದರೆ ಮಗುವಿಗೆ 104 ಜ್ವರ ಇರುವಾಗ ಈ ಲೆಕ್ಕ "37, ಆರಾಮ ಇದೆ" ಅಂದುಬಿಡುತ್ತದೆ! ಜ್ವರಕ್ಕೆ ದಯವಿಟ್ಟು ಬಳಸಬೇಡಿ.

ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದು ಹೀಗೆ. 32 ಕಳೆದು ಅರ್ಧ ಮಾಡಿ, ಆ ಅರ್ಧಕ್ಕೆ ಅದರದ್ದೇ ಹತ್ತನೇ ಒಂದು ಭಾಗ ಸೇರಿಸಿ. 104ಕ್ಕೆ 72, ಅರ್ಧ 36, ಅದಕ್ಕೆ 3.6 ಸೇರಿಸಿದರೆ 39.6. ಒಂಬತ್ತನೇ ಒಂದು ಭಾಗ ಸೇರಿಸಿದರೆ ಸರಿಯಾಗಿ 40. ಈ ಕಡೆಯಿಂದ ಆ ಕಡೆಗೆ ಹೋಗುವುದು ಇನ್ನೂ ಸುಲಭ: ಎರಡರಷ್ಟು ಮಾಡಿ, ಹತ್ತನೇ ಒಂದು ಭಾಗ ತೆಗೆಯಿರಿ, 32 ಸೇರಿಸಿ. 25ಕ್ಕೆ 50, 45, 77.

ಜಾಸ್ತಿ ಜನ ಎಡವುವುದು ಬೇರೆ ಕಡೆ. "ನಿನ್ನೆಗಿಂತ 10 ಡಿಗ್ರಿ ಜಾಸ್ತಿ" ಅನ್ನುವುದು ವ್ಯತ್ಯಾಸ. ಅದಕ್ಕೆ 32 ಸೇರಿಸಬಾರದು, 10 ಸೆಲ್ಸಿಯಸ್ ಏರಿದರೆ 18 ಫ್ಯಾರನ್‌ಹೀಟ್ ಏರಿದಂತೆ, ಅಷ್ಟೇ. ಪ್ಯಾರಿಸ್ ಒಪ್ಪಂದದ 1.5 ಡಿಗ್ರಿ ಏರಿಕೆಯನ್ನು ಫ್ಯಾರನ್‌ಹೀಟಿಗೆ ತನ್ನಿ ಅಂದರೆ ಪ್ರತಿ ವರ್ಷ ಯಾರಾದರೊಬ್ಬರು 34.7 ಅಂತ ಬರೆದು ಭೂಮಿಯನ್ನೇ ಬೇಯಿಸಿಬಿಡುತ್ತಿದ್ದರು. ಸರಿ ಉತ್ತರ 2.7. ಹಾಗಂತ ಎರಡು ಅಳತೆ ನೋಡಿ ಹೆದರಬೇಡಿ. ಸ್ವೀಡನ್ನಿನ ಸೆಲ್ಸಿಯಸ್ 1742ರಲ್ಲಿ ತನ್ನ ಅಳತೆಯನ್ನು ಮುಂದಿಟ್ಟಾಗ ಕುದಿಯುವ ನೀರಿಗೆ 0, ಹೆಪ್ಪುಗಟ್ಟುವ ನೀರಿಗೆ 100 ಅಂತ ಇಟ್ಟಿದ್ದ. ಅದನ್ನು ತಲೆಕೆಳಗು ಮಾಡಿ ಈಗಿನ ರೂಪಕ್ಕೆ ತಂದದ್ದು ಆಮೇಲೆ.

ಟೆಕ್ಸಸ್‌ನಿಂದ, ಮತ್ತೆ:
ಒಪ್ಪಿದೆ ಮೇಷ್ಟ್ರೇ. ಆದರೆ ಓವನ್ ವಿಷಯದಲ್ಲಿ ನಾನು ಬಿಟ್ಟುಕೊಡಲ್ಲ. ಅಲ್ಲಿ 30 ಕೂಡ ಕಳೆಯಬೇಡಿ, ಸುಮ್ನೆ ಅರ್ಧ ಮಾಡಿ. 350ಕ್ಕೆ 175, ನಿಜವಾದದ್ದು 177. 400ಕ್ಕೆ 200, ನಿಜವಾದದ್ದು 204. ಆ ನಾಲ್ಕು ಡಿಗ್ರಿಗೆ ಯಾವ ಕೇಕೂ ಕೆಡಲ್ಲ.

ಶಿಕಾಗೊದಿಂದ, ನರ್ಸ್:
ಅಮ್ಮಾ, ನಿಮಗೆ ಫ್ಯಾರನ್‌ಹೀಟ್ ಆಗಲೇ ಗೊತ್ತು. ಮೈಸೂರಿನಲ್ಲಿ "ಮಗುವಿಗೆ 102 ಜ್ವರ" ಅಂತೀರಲ್ಲ, ಅದು ಯಾವ ಅಳತೆ ಅಂದುಕೊಂಡಿದ್ದಿರಿ? ನಮ್ಮ ಕಡೆ ಬಿಸಿಲು ಸೆಲ್ಸಿಯಸ್‌ನಲ್ಲಿ, ಜ್ವರ ಫ್ಯಾರನ್‌ಹೀಟ್‌ನಲ್ಲಿ. ಹಾಗಾಗಿ 100ರ ಸುತ್ತಮುತ್ತ ಏನೇ ಕಂಡರೂ ಮೈ ಬಿಸಿಯನ್ನು ನೆನೆಸಿಕೊಳ್ಳಿ. 98.6 ಅಂದರೆ 37. ಜರ್ಮನಿಯ ವೈದ್ಯ ವುಂಡರ್‌ಲಿಷ್ 1868ರಲ್ಲಿ ಸರಾಸರಿ ಅಂತ ಕೊಟ್ಟದ್ದು ಈ 37ನ್ನೇ. ಪರಿವರ್ತಿಸಿದ್ದರಿಂದ ಬಾಲಕ್ಕೆ .6 ಅಂಟಿಕೊಂಡಿತು. ಅದನ್ನು ನೋಡಿ ಭಾರೀ ಸೂಕ್ಷ್ಮ ಅಳತೆ ಅಂದುಕೊಂಡು, 98.1 ಬಂದರೂ ಗಾಬರಿಯಾಗುವವರಿದ್ದಾರೆ.

ಎಳೆಮಗುವಿಗೆ ನೆನಪಿಡಬೇಕಾದ ಅಂಕಿ 100.4, ಅಂದರೆ 38. ಮೂರು ತಿಂಗಳೊಳಗಿನ ಮಗುವಿಗೆ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ರಾತ್ರಿ ಎರಡು ಗಂಟೆಯಾದರೂ ಡಾಕ್ಟರಿಗೆ ಫೋನ್ ಮಾಡಿ. ಕಷಾಯ, ಒದ್ದೆಬಟ್ಟೆ ಅಂತ ಕಾಯಬೇಡಿ.

ಥರ್ಮಾಮೀಟರಿನ ಗುಂಡಿಯನ್ನೂ ನೋಡಿಕೊಳ್ಳಿ. ಹೋದ ವರ್ಷ ಶಿವಮೊಗ್ಗದಿಂದ ಅಮ್ಮ ಫೋನ್ ಮಾಡಿ, "ಇದು ಕೆಟ್ಟಿದೆ ಕಣೇ, ಪಾಪುವಿಗೆ ಮೈ ಸುಡ್ತಿದೆ, ಇದು 38.9 ಅಂತಿದೆ" ಅಂದರು. ಕೆಟ್ಟಿರಲಿಲ್ಲ. ಗುಂಡಿಯನ್ನು ಜಾಸ್ತಿ ಹೊತ್ತು ಒತ್ತಿ ಹಿಡಿದಿದ್ದರಿಂದ ಅಳತೆ ಸೆಲ್ಸಿಯಸ್‌ಗೆ ಬದಲಾಗಿತ್ತು. 38.9 ಅಂದರೆ 102. ಪರದೆಯ ಮೂಲೆಯಲ್ಲಿ ಅಳತೆಯ ಹೆಸರಿನ ಪುಟ್ಟ ಅಕ್ಷರ ಇರುತ್ತದೆ, ಅಂಕಿಗಿಂತ ಮೊದಲು ಅದನ್ನು ಓದಿ.

ಕೇಳಿದವರು, ಮರುದಿನ:
ಎಲ್ಲರಿಗೂ ಥ್ಯಾಂಕ್ಸ್. ಮಗ್ಗಿಯನ್ನು ಬರೆದು ಫ್ರಿಜ್ಜಿಗೆ ಅಂಟಿಸಿದೆ. ಟ್ಯಾಂಕಿನ 120 ಅಂದರೆ 49 ಅಂತ ಲೆಕ್ಕ ಹಾಕಿದ್ದು ನಾನೇ. ಬಾಣಂತಿಗೆ ಎರೆಯಲು ಇದು ಸಾಲದು, ಇನ್ನಷ್ಟು ಏರಿಸಿ ಅಂತ ಅಳಿಯನ ಹತ್ತಿರ ಜಗಳ ಆಡಿದ್ದೆ. ಮಗುವಿಗೂ ಅದೇ ನಲ್ಲಿ ನೀರು ತಾನೇ? ಈಗ ಸುಮ್ಮನಾಗಿದ್ದೇನೆ. ಮಗುವಿನ ನೀರು 100 ದಾಟಬಾರದು, ಅಂದರೆ 38 ಅಂತ ಮಗಳ ಪಟ್ಟು. ಮೊಣಕೈ ಅದ್ದಿ ನೋಡಿದೆ, ನಾವು ಉಗುರುಬೆಚ್ಚಗೆ ಅನ್ನುವುದು ಅದನ್ನೇ. ಮೊಸರು ಮಾತ್ರ ಈ ಚಳಿಗೆ ಹೆಪ್ಪಾಗುತ್ತಿಲ್ಲ. ಅದಕ್ಕೆ ಎಷ್ಟು ಬೇಕು?

ಮಿನಿಯಾಪೊಲಿಸ್‌ನಿಂದ:
ಹಾಲು 110ಕ್ಕೆ ಇಳಿದಾಗ, ಅಂದರೆ 43ಕ್ಕೆ, ಹೆಪ್ಪು ಹಾಕಿ. ಆಮೇಲೆ ಓವನ್ ಹಚ್ಚದೆ, ಒಳಗಿನ ದೀಪ ಮಾತ್ರ ಉರಿಸಿ ರಾತ್ರಿಯಿಡೀ ಒಳಗಿಡಿ. ಓವನ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ನಮ್ಮ ಮನೆಯಲ್ಲಿ ಒಬ್ಬರು ನೋಡದೆ 400ಕ್ಕೆ ಹಚ್ಚಿದ್ದರು.