ಹಳೆ ಗೋವಾದ ಬಾಮ್ ಜೀಸಸ್ ಬೆಸಿಲಿಕಾ ನೋಡೋದು ಹೇಗೆ?

ಪ್ರಶ್ನೆ: ಡಿಸೆಂಬರ್ ಮೊದಲ ವಾರ ವಯಸ್ಸಾದ ಅಪ್ಪ-ಅಮ್ಮನ ಜೊತೆ ಹೋಗ್ತಿದ್ದೀವಿ. ನಾವು ಕ್ರೈಸ್ತರಲ್ಲ. ಯಾವ ಬಟ್ಟೆ, ಯಾವ ಹೊತ್ತು, ಪೂಜೆ ನಡೀತಿದ್ರೆ ಏನು ಮಾಡ್ಬೇಕು? ತಿಳಿದವರು ಹೇಳಿ.

ಉತ್ತರ: ಮೊದಲು ದಿನಾಂಕ ಮುಂದಕ್ಕೆ ಹಾಕಿ. ಈ ಚರ್ಚಿನಲ್ಲಿ ದೇಹ ಇಟ್ಟಿರೋ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ ಡಿಸೆಂಬರ್ 3ಕ್ಕೆ, ಅದಕ್ಕೂ ಮುಂಚೆ ಒಂಬತ್ತು ದಿನ ನೊವೇನಾ ಅನ್ನೋ ವಿಶೇಷ ಪ್ರಾರ್ಥನೆ. ಆಗಿನ ಜನಜಂಗುಳಿಯಲ್ಲಿ ಹಿರಿಯರನ್ನು ಕರ್ಕೊಂಡು ಆರಾಮಾಗಿ ಸುತ್ತೋಕಾಗಲ್ಲ. ಒಂದು ವಾರ ಬಿಟ್ಟು, ಭಾನುವಾರ ತಪ್ಪಿಸಿ, ಬೆಳಿಗ್ಗೆ ಬೇಗ ಹೋಗಿ. ರೈಲಿಗೆ ಕರಮಳಿ ಸ್ಟೇಷನ್ ಹತ್ತಿರ.

ಉತ್ತರ: ಭುಜ, ಮಂಡಿ ಮುಚ್ಚಿರಲಿ. ಚಪ್ಪಲಿ ಬಿಡಬೇಕಿಲ್ಲ, ಗಂಡಸರು ಟೋಪಿ ತೆಗೀಬೇಕು. ಬೆಂಚಿನ ಕೆಳಗಿನ ಉದ್ದ ಹಲಗೆ ಮಂಡಿಯೂರೋಕೆ ಇರೋದು, ಅದರ ಮೇಲೆ ಕಾಲಿಡಬೇಡಿ. ಬಲಿಪೂಜೆ (ಚರ್ಚಿನ ಮುಖ್ಯ ಪೂಜೆ, ಮಾಸ್) ನಡೀತಿದ್ರೆ ಓಡಾಡದೆ ಹಿಂದೆ ಕೂತರೆ ಸಾಕು. ನಮ್ಮವರು ಎಡವೋದು ಪರಮಪ್ರಸಾದದ ಹತ್ರ, ಅಂದ್ರೆ ಆ ಪೂಜೆಯಲ್ಲಿ ಪಾದ್ರಿ ಹಂಚೋ ಪವಿತ್ರ ರೊಟ್ಟಿ. ಸಾಲು ಕಂಡ ಕೂಡಲೇ ದೇವಸ್ಥಾನದ ಪ್ರಸಾದ ಅಂದ್ಕೊಂಡು ಕೈ ಚಾಚ್ತಾರೆ. ಅದು ದೀಕ್ಷಾಸ್ನಾನ ಪಡೆದ ಕಥೋಲಿಕರಿಗೆ ಮಾತ್ರ. ಮನೆಗೆ ಅಂತ ಜೇಬಿಗೆ ಹಾಕ್ಕೊಂಡರಂತೂ ದೊಡ್ಡ ಅಪಚಾರ.

ಪ್ರಶ್ನೆ: ಸಂತರ ದೇಹ ಹತ್ತಿರದಿಂದ ಕಾಣುತ್ತಾ?

ಉತ್ತರ: ಇಲ್ಲ. ಬೆಳ್ಳಿ ಪೆಟ್ಟಿಗೆ ತುಂಬಾ ಎತ್ತರದಲ್ಲಿದೆ. ಕೆಳಗಿಳಿಸಿ ದರ್ಶನಕ್ಕಿಡೋದು ಹತ್ತು ವರ್ಷಕ್ಕೊಮ್ಮೆ, ಕಳೆದ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ. ಎಲ್ಲರೂ ಕತ್ತೆತ್ತಿ ಪೆಟ್ಟಿಗೇನೇ ನೋಡಿ ಹೊರಟುಬಿಡ್ತಾರೆ. ಸ್ವಲ್ಪ ಕೆಳಗೆ ಕಣ್ಣಾಡಿಸಿ: ಸಮಾಧಿ ಪೀಠದಲ್ಲಿ ಝೇವಿಯರ್ ಜೀವನದ ಕಂಚಿನ ಉಬ್ಬುಚಿತ್ರಗಳಿವೆ. ಫ್ಲಾರೆನ್ಸಿನ ಶಿಲ್ಪಿ ಫೊಗ್ಗಿನಿಯ ಕೆಲಸ, ಟಸ್ಕನಿಯ ದೊರೆ ಮೂರನೇ ಕಾಸಿಮೊ ಕೊಟ್ಟದ್ದು, 1698ರಲ್ಲಿ ಇಲ್ಲಿ ಜೋಡಿಸಿದ್ದು. ಬೆಳ್ಳಿ ಪೆಟ್ಟಿಗೆ ಅದಕ್ಕಿಂತ ಹಳೇದು, ಗೋವಾದ ಅಕ್ಕಸಾಲಿಗರದ್ದೇ ಕೈಚಳಕ. ಚಿಕ್ಕ ಬೈನಾಕ್ಯುಲರ್ ಇದ್ರೆ ಅದರ ಮೇಲಿನ ಕೆತ್ತನೆಯೂ ಕಾಣುತ್ತೆ. ಫ್ಲ್ಯಾಶ್ ಬೇಡ, ಪೋಸ್ ಕೊಟ್ಟು ಫೋಟೋ ತೆಗೆಸ್ಕೊಳ್ಳೋದೂ ಬೇಡ.

ಉತ್ತರ: ಹೊರಗೋಡೆ ಕೆಂಪಗಿರೋದು ನೋಡಿ ಮೊದಲಿಂದ ಹಾಗೇ ಅಂದ್ಕೋಬೇಡಿ. 1605ರಲ್ಲಿ ಪ್ರತಿಷ್ಠೆಯಾದ ಕಟ್ಟಡಕ್ಕೆ ಸುಣ್ಣದ ಗಾರೆ ಇತ್ತು, ಕಿತ್ತದ್ದು 1950ರ ದಶಕದಲ್ಲಿ. ಜಂಬಿಟ್ಟಿಗೆ ಕಲ್ಲಲ್ಲಿ ತೂತು ಜಾಸ್ತಿ, ಮಳೆನೀರು ಒಳಗಿಳಿದು ಕಲ್ಲು ಸವೆಯುತ್ತೆ. ಒರಗಬೇಡಿ, ಮಕ್ಕಳಿದ್ರೆ ಕೆರೆಯೋಕೆ ಬಿಡಬೇಡಿ.

ಉತ್ತರ: ರಸ್ತೆ ದಾಟಿದ್ರೆ ಸೆ ಕೆಥೆಡ್ರಲ್. ಗೋಪುರ ಒಂದೇ ಯಾಕೆ ಅಂತ ಎಲ್ಲರೂ ಕೇಳ್ತಾರೆ, ಇನ್ನೊಂದು 1776ರಲ್ಲಿ ಬಿತ್ತು. ಪಕ್ಕದ ಅಸಿಸಿ ಫ್ರಾನ್ಸಿಸ್ ಚರ್ಚಿನಲ್ಲಿ ನೆಲ ನೋಡ್ಕೊಂಡೇ ನಡೀರಿ, ಕಾಲ್ಕೆಳಗಿನ ಚಪ್ಪಡಿಗಳೆಲ್ಲ ಸಮಾಧಿ ಕಲ್ಲು, ಮನೆತನಗಳ ಲಾಂಛನ ಸಮೇತ. ಅದಕ್ಕೆ ಅಂಟಿಕೊಂಡ ಪುರಾತತ್ವ ಇಲಾಖೆ ಮ್ಯೂಸಿಯಂಗೆ ಶುಕ್ರವಾರ ರಜೆ.