ಗೋವಾದಲ್ಲಿ ಹೋಟೆಲ್ ಫ್ರಂಟ್ ಆಫೀಸ್ (ರಿಸೆಪ್ಷನ್) ಕೆಲಸಕ್ಕೆ ಏನು ತಯಾರಿ ಬೇಕು?

ವಾಸ್ಕೋ ಹುಡುಗಿ:
ನಮಸ್ಕಾರ. ಈ ವರ್ಷ ಬಿಎಸ್ಸಿ ಹಾಸ್ಪಿಟಾಲಿಟಿ ಮುಗಿಯಿತು. ಮನೆಮಾತು ಕನ್ನಡ, ಕೊಂಕಣಿ-ಹಿಂದಿ ಚೆನ್ನಾಗಿ ಬರುತ್ತೆ. ಟ್ರೈನಿಂಗ್‌ನಲ್ಲಿ ಜಾಸ್ತಿ ದಿನ ರೂಮ್ ಸಿದ್ಧಪಡಿಸುವ ಹೌಸ್‌ಕೀಪಿಂಗ್‌ನಲ್ಲೇ ಹಾಕಿದ್ದರು. ಸೀಸನ್ ಶುರುವಾಗುವ ಮುಂಚೆ ಫ್ರಂಟ್ ಆಫೀಸ್ ಸೇರಬೇಕು ಅಂತ ಆಸೆ. ಏನು ಕಲಿಯಲಿ?

ಕಾರವಾರದವ:
ತಂಗಿ, ಹೌಸ್‌ಕೀಪಿಂಗ್ ಮಾಡಿದ್ದು ನಷ್ಟ ಅಂದುಕೊಳ್ಳಬೇಡ. ನಾನು ಕಲಂಗೂಟ್ ಕಡೆ ಒಂದು ಹೋಟೆಲ್‌ನಲ್ಲಿ ಫ್ರಂಟ್ ಆಫೀಸ್ ನೋಡಿಕೊಳ್ಳುತ್ತೇನೆ. ಇಂಟರ್ವ್ಯೂಗೆ ಬಂದವರಿಗೆಲ್ಲ ಒಂದು ಪ್ರಶ್ನೆ ಕೇಳುತ್ತೇನೆ. ಚೆಕ್-ಇನ್ 2 ಗಂಟೆಗೆ. ಮೋಪಾ ವಿಮಾನ ನಿಲ್ದಾಣದಲ್ಲಿ ಇಳಿದ ಕುಟುಂಬ ಬೆಳಿಗ್ಗೆ 9ಕ್ಕೇ ಮಲಗಿದ ಮಗುವನ್ನು ಎತ್ತಿಕೊಂಡು ಕೌಂಟರ್ ಮುಂದೆ ನಿಂತಿದೆ. ಏನು ಮಾಡುತ್ತೀಯ? 'ಸಾರಿ ಸರ್, 2 ಗಂಟೆಗೆ ಬನ್ನಿ' ಅನ್ನುವವರೇ ಜಾಸ್ತಿ. ನಿನ್ನೆ ರಾತ್ರಿ ಖಾಲಿ ಇದ್ದ ರೂಮ್ ಯಾವುದು, ಚೆಕ್-ಔಟ್ ಆದದ್ದರಲ್ಲಿ ಯಾವುದು ಮೊದಲು ರೆಡಿಯಾಗುತ್ತೆ ಅಂತ ಫ್ಲೋರ್ ಸೂಪರ್‌ವೈಸರ್‌ಗೆ ಫೋನ್ ಮಾಡಬೇಕು ಅನ್ನೋದು, ಬೆಡ್ ಹಾಕಿ ಗೊತ್ತಿರುವವರಿಗೆ ಬೇಗ ಹೊಳೆಯುತ್ತೆ. ನಿನ್ನ ಬಲವೇ ಅದು. ಅದನ್ನೇ ಹೇಳು.

ಆಮೇಲೆ ಸಿ-ಫಾರ್ಮ್. ವಿದೇಶದ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರ ವಿದೇಶಿಯರ ನೋಂದಣಿ ಕಚೇರಿ, ಅಂದರೆ ಎಫ್‌ಆರ್‌ಆರ್‌ಓಗೆ ಆನ್‌ಲೈನ್‌ನಲ್ಲಿ ಹೋಗಬೇಕು. ಚಾರ್ಟರ್ ಫ್ಲೈಟಿನ ಬಸ್ ಬಂದು ನಿಂತಾಗ ಕೌಂಟರ್ ಮೇಲೆ ಪಾಸ್‌ಪೋರ್ಟ್ ರಾಶಿ ಬೀಳುತ್ತೆ. ವೀಸಾ ನಂಬರ್ ಎಲ್ಲಿದೆ, ಇಮಿಗ್ರೇಷನ್ ಸೀಲ್ ಯಾವ ಪುಟದಲ್ಲಿದೆ ಅಂತ ಹುಡುಕುತ್ತಾ ಕೂತರೆ ಸಾಲು ಮುಂದೆ ಹೋಗಲ್ಲ. ಕಾಲೇಜಿನಲ್ಲಿ ಇದನ್ನು ಒಂದೇ ಪೀರಿಯಡ್‌ನಲ್ಲಿ ಮುಗಿಸಿಬಿಡುತ್ತಾರೆ, ನನಗೆ ಬೇಜಾರಾಗುವುದೇ ಅಲ್ಲಿ.

ಕನ್ನಡ ಬರುತ್ತೆ ಅನ್ನುವುದನ್ನು ಬಯೋಡೇಟಾದಲ್ಲಿ ಮೇಲೇ ಬರೆ. ಶನಿವಾರ ಬಂತೆಂದರೆ ಪಾರ್ಕಿಂಗ್ ತುಂಬಾ ಹುಬ್ಬಳ್ಳಿ, ಬೆಳಗಾವಿ ಗಾಡಿಗಳು. ಅಜ್ಜಿಗೆ ಬಿಸಿನೀರು ಬೇಕು ಅಂತ ಅವರು ಕನ್ನಡದಲ್ಲೇ ಕೇಳಬಹುದಾದರೆ ಎಷ್ಟು ನೆಮ್ಮದಿ ಅಲ್ವಾ?

ಮಡಗಾಂವ್ ಕಿಚನ್:
ಅಣ್ಣ ಹೇಳಿದ್ದು ಸರಿ. ಮಳೆಗಾಲದಲ್ಲೇ ಅರ್ಜಿ ಹಾಕಿ. ಆಗ ಗಿರಾಕಿ ಕಡಿಮೆ, ಸೀನಿಯರ್‌ಗಳಿಗೆ ಕಲಿಸಲು ಪುರುಸೊತ್ತು ಇರುತ್ತೆ. ಡಿಸೆಂಬರ್‌ನಲ್ಲಿ ಸೇರಿದರೆ ಯಾರೂ ಕೈಹಿಡಿದು ಕಲಿಸಲ್ಲ. ಬ್ರೇಕ್ ಶಿಫ್ಟ್ (ಮಧ್ಯೆ ಕೆಲವು ಗಂಟೆ ಬಿಟ್ಟು ಎರಡು ಹೊತ್ತು ಕೆಲಸ) ಇದೆಯಾ, ಉಳಿಯಲು ರೂಮ್ ಕೊಡುತ್ತಾರಾ, ನೈಟ್ ಡ್ಯೂಟಿಗೆ ಗಾಡಿ ಇದೆಯಾ ಅಂತ ಸಂಬಳಕ್ಕಿಂತ ಮೊದಲು ಕೇಳಿ. ವಾಸ್ಕೋದಿಂದ ಕಲಂಗೂಟ್‌ಗೆ ದಿನಾ ಓಡಾಡುವುದು ಕಷ್ಟ.

ವಾಸ್ಕೋ ಹುಡುಗಿ:
ಇಬ್ಬರಿಗೂ ಥ್ಯಾಂಕ್ಸ್. ಅಣ್ಣಾ, ಹೋಟೆಲ್ ಸಾಫ್ಟ್‌ವೇರ್ ಬರದಿದ್ದರೆ ತೆಗೆದುಕೊಳ್ಳಲ್ವಾ?

ಕಾರವಾರದವ:
ತೆಗೆದುಕೊಳ್ಳುತ್ತೇವೆ. ಅದು ಒಂದೊಂದು ಹೋಟೆಲ್‌ನಲ್ಲಿ ಒಂದೊಂದು ಥರ, ನಾವೇ ಕಲಿಸುತ್ತೇವೆ. ಫೋಲಿಯೋ (ಅತಿಥಿಯ ಬಿಲ್ ಲೆಕ್ಕ) ಹೇಗಿರುತ್ತೆ, ಅಡ್ವಾನ್ಸ್ ಎಲ್ಲಿ ಸೇರುತ್ತೆ, ನೈಟ್ ಆಡಿಟ್ (ದಿನದ ಲೆಕ್ಕವನ್ನು ರಾತ್ರಿ ತಾಳೆ ನೋಡುವುದು) ಯಾಕೆ ಮಾಡುತ್ತಾರೆ, ಇಷ್ಟು ಓದಿಕೊಂಡು ಬಾ.