ಕೆಪಾಸಿಟರ್ ಸ್ಪಾಟ್ ವೆಲ್ಡರ್: ಕಿಡಿ ಬರುತ್ತದೆ, ಪಟ್ಟಿ ಹಿಡಿಯುವುದಿಲ್ಲ

ಶಿರಸಿಯಿಂದ ಪ್ರಶ್ನೆ:

ಹಳೆ ಲ್ಯಾಪ್‌ಟಾಪ್ ಬ್ಯಾಟರಿಯ 18650 ಸೆಲ್ (ಉರುಟು ಲಿಥಿಯಂ ಸೆಲ್) ಬಿಚ್ಚಿ, ಮೂರು ಸಾಲು ಜೋಡಿಸಿ ಲೈಟಿಗೆ ಒಂದು ಪ್ಯಾಕ್ ಮಾಡಬೇಕು ಅಂತಿದ್ದೇನೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ನಮ್ಮಲ್ಲಿ ಎರಡು ಮೂರು ದಿನ ಕರೆಂಟ್ ಇಲ್ಲ. ಸೆಲ್ಲಿಗೆ ನಿಕ್ಕಲ್ ಪಟ್ಟಿ ಬೆಸೆಯುವ ಸ್ಪಾಟ್ ವೆಲ್ಡರ್ (ಕೆಪಾಸಿಟರಿನ ಕರೆಂಟ್ ಒಮ್ಮೆಲೇ ಹರಿಸಿ ಚುಕ್ಕೆಯಷ್ಟು ಜಾಗ ಕಾಯಿಸಿ ಅಂಟಿಸುವಂಥದ್ದು) ನಾನೇ ಮಾಡಿದೆ. 1 ಫ್ಯಾರಡ್‌ನ ಕಾರ್ ಆಡಿಯೋ ಕೆಪಾಸಿಟರ್, 15 ವೋಲ್ಟ್ ಚಾರ್ಜ್, ಆರು ಐಆರ್‌ಎಫ್ 1404 ಮಾಸ್ಫೆಟ್ (ಕರೆಂಟ್ ಆನ್ ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್), 6 ಸ್ಕ್ವೇರ್ ಎಂಎಂ ವೈರ್ ಒಂದೊಂದು ಮೀಟರಿನದು ಎರಡು. ಚಟ್ ಅಂತ ಕಿಡಿ ಹಾರುತ್ತದೆ, ಆದರೆ 0.15 ಮಿ.ಮೀ. ನಿಕ್ಕಲ್ ಪಟ್ಟಿ ಉಗುರಲ್ಲಿ ಎತ್ತಿದರೂ ಎದ್ದು ಬರುತ್ತದೆ. ಇನ್ನೊಂದು ಕೆಪಾಸಿಟರ್ ಹಾಕಲಾ?

ಕಾರವಾರದಿಂದ:

ಬೇಡ ಮಾರಾಯ್ರೆ, ಕೆಪಾಸಿಟರಿಗೆ ಈಗಲೇ ದುಡ್ಡು ಹಾಕಬೇಡಿ. ನಾನೂ ಹಾಗೇ ಮಾಡಿ ಒಂದು ತಿಂಗಳು ಕಳೆದಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

1 ಫ್ಯಾರಡ್, 15 ವೋಲ್ಟ್ ಅಂದರೆ ಸುಮಾರು 112 ಜೂಲ್. ಈ ಪಟ್ಟಿಗೆ ಅದು ಕಡಿಮೆ ಏನಲ್ಲ. ಪ್ರಶ್ನೆ ಇರುವುದು ಆ 112 ಎಲ್ಲಿ ಹೋಗುತ್ತದೆ ಅನ್ನುವುದರಲ್ಲಿ. ಕೆಪಾಸಿಟರ್ ಒಳಗಿನ ರೆಸಿಸ್ಟೆನ್ಸ್, ವೈರ್, ಲಗ್ (ವೈರಿನ ಕೊನೆಗೆ ಹಾಕುವ ಲೋಹದ ಕೊಂಡಿ), ಮಾಸ್ಫೆಟ್, ಪಟ್ಟಿಗೆ ಒತ್ತುವ ತಾಮ್ರದ ತುದಿ, ಕೊನೆಗೆ ವೆಲ್ಡ್ ಆಗುವ ಜಾಗ, ಇವೆಲ್ಲ ಒಂದೇ ಸರದಲ್ಲಿವೆ ಅಲ್ವಾ? ಯಾರ ರೆಸಿಸ್ಟೆನ್ಸ್ ಜಾಸ್ತಿಯೋ ಅವರಿಗೆ ಬಿಸಿಯ ಪಾಲೂ ಜಾಸ್ತಿ. ನಿಮ್ಮ ಎರಡು ವೈರೇ 5.7 ಮಿಲಿಓಮ್ ಹತ್ತಿರ ಆಯಿತು. ಒಟ್ಟು 12 ಮಿಲಿಓಮ್ ಇದ್ದು, ವೆಲ್ಡಿನ ಜಾಗ 1 ಮಿಲಿಓಮ್ ಅಂತ ಹಿಡಿದರೆ ಪಟ್ಟಿಗೆ ಸಿಗುವುದು ಹನ್ನೆರಡರಲ್ಲಿ ಒಂದು ಪಾಲು, 9 ಜೂಲ್ ಚಿಲ್ಲರೆ. ಉಳಿದದ್ದೆಲ್ಲ ವೈರ್ ಕಾಯಿಸಲಿಕ್ಕೆ.

ಹಾಗಾಗಿ ಮೊದಲು ಅಳೆಯಿರಿ. ಮಲ್ಟಿಮೀಟರಿನ ಓಮ್ ರೇಂಜಲ್ಲಿ ಇದು ಕಾಣುವುದಿಲ್ಲ. ಕೆಪಾಸಿಟರ್ ಬಿಚ್ಚಿಟ್ಟು, ಅದರ ಜಾಗದಲ್ಲಿ ಬೆಂಚ್ ಸಪ್ಲೈ (ವೋಲ್ಟ್, ಕರೆಂಟ್ ಬೇಕಾದಷ್ಟಕ್ಕೆ ಇಡಬಹುದಾದ ಪವರ್ ಸಪ್ಲೈ) ಕೊಟ್ಟು, ಕರೆಂಟ್ ಲಿಮಿಟ್ 5 ಆಂಪಿಯರಿಗೆ ಇಟ್ಟುಕೊಳ್ಳಿ. ಎರಡು ತುದಿ ಒಂದಕ್ಕೊಂದು ಒತ್ತಿ ಕಟ್ಟಿ, ಮಾಸ್ಫೆಟ್ ಗೇಟಿಗೆ (ಅದನ್ನು ಆನ್ ಮಾಡುವ ಕಾಲಿಗೆ) 12 ವೋಲ್ಟ್ ಕೊಟ್ಟು ಆನ್ ಇಡಿ. ಈಗ ಮೀಟರನ್ನು 200 ಮಿಲಿವೋಲ್ಟ್ ರೇಂಜಿಗೆ ಹಾಕಿ ಒಂದೊಂದೇ ಜಾಯಿಂಟಿನ ಆಚೆ ಈಚೆ ಮುಟ್ಟಿಸುತ್ತಾ ಹೋಗಿ. 5 ಮಿಲಿವೋಲ್ಟ್ ಬಂದರೆ ಅಲ್ಲಿ 1 ಮಿಲಿಓಮ್ ಇದೆ ಅಂತ ಲೆಕ್ಕ. ನನಗೆ ಕಳ್ಳ ಸಿಕ್ಕಿದ್ದು ಒಂದು ಲಗ್ಗಿನಲ್ಲಿ. ಹೊರಗಿಂದ ಚೆನ್ನಾಗಿತ್ತು, ಬಿಚ್ಚಿದರೆ ಒಳಗೆ ಎಳೆಗಳೆಲ್ಲ ಹಸಿರು. ಕಡಲ ಗಾಳಿಗೆ ಇದು ಮಾಮೂಲು. ಈಗ ಲಗ್ ಕ್ರಿಂಪ್ ಮಾಡಿದ (ವೈರಿಗೆ ಅದುಮಿ ಕೂರಿಸಿದ) ಮೇಲೆ ಹೀಟ್ ಶ್ರಿಂಕ್ (ಕಾಯಿಸಿದರೆ ಬಿಗಿಯುವ ಕೊಳವೆ) ಹಾಕಿ ಮುಚ್ಚುತ್ತೇನೆ, ತಾಮ್ರದ ತುದಿಯನ್ನು ಪ್ರತಿ ಸಲ ಕೂರುವ ಮೊದಲು ಪಾಲಿಶ್ ಪೇಪರಲ್ಲಿ ಉಜ್ಜುತ್ತೇನೆ.

ವೈರ್ ಬದಲಾಯಿಸಿ. 25 ಸ್ಕ್ವೇರ್ ಎಂಎಂ ವೆಲ್ಡಿಂಗ್ ಕೇಬಲ್, ಒಂದೊಂದು 30 ಸೆಂ.ಮೀ. ಸಾಕು. ಎರಡೂ ಸೇರಿ ಅರ್ಧ ಮಿಲಿಓಮ್ ಕೂಡ ಆಗುವುದಿಲ್ಲ. ಆದರೆ ಹಾಗೆ ಮಾಡಿದ ಮೇಲೆ ಸೀದಾ 15 ವೋಲ್ಟ್ ಕೊಡಬೇಡಿ, ಕರೆಂಟ್ ಎರಡು ಮೂರು ಪಟ್ಟು ಏರಿರುತ್ತದೆ. 8 ವೋಲ್ಟಿಂದ ಶುರು ಮಾಡಿ.

ಕೆಪಾಸಿಟರ್ ನಿಜವಾಗಿ 1 ಫ್ಯಾರಡ್ ಇದೆಯಾ ಅಂತಲೂ ನೋಡಿ. 15 ವೋಲ್ಟ್ ತುಂಬಿಸಿ, 100 ಓಮಿನ 5 ವ್ಯಾಟ್ ರೆಸಿಸ್ಟರ್ ಕಟ್ಟಿ ಗಡಿಯಾರ ನೋಡುತ್ತಾ ಕೂತುಕೊಳ್ಳಿ. 100 ಸೆಕೆಂಡಿಗೆ 5.5 ವೋಲ್ಟಿಗೆ ಇಳಿಯಬೇಕು. 50 ಸೆಕೆಂಡಿಗೇ ಇಳಿದರೆ ಒಳಗಿರುವುದು ಅರ್ಧ ಫ್ಯಾರಡ್.

ಕುಮಟಾದಿಂದ:

ಮೇಲಿನವರು ಹೇಳಿದ್ದು ಸರಿ. ಮಾಸ್ಫೆಟ್ ಬಗ್ಗೆ ನನ್ನದೊಂದು ಮಾತು. ನನ್ನಲ್ಲಿ ಮೂರು ಸಲ ಸತ್ತಿದೆ, ಮೂರೂ ಸಲ ಆಫ್ ಆಗುವ ಕ್ಷಣದಲ್ಲಿ. ವೈರಿಗೆ ಸ್ವಲ್ಪ ಇಂಡಕ್ಟನ್ಸ್ (ಕರೆಂಟ್ ಬದಲಾಗುವುದನ್ನು ತಡೆಯುವ ಗುಣ) ಇರುತ್ತದಲ್ಲ, ಒಂದು ಮೈಕ್ರೋಹೆನ್ರಿ ಇದ್ದರೂ ಸಾಕು, ಸಾವಿರ ಆಂಪಿಯರ್ ಒಂದು ಮೈಕ್ರೋಸೆಕೆಂಡಿನಲ್ಲಿ ನಿಂತರೆ ಸಾವಿರ ವೋಲ್ಟ್ ಎದ್ದು ನಿಲ್ಲುತ್ತದೆ. ಐಆರ್‌ಎಫ್ 1404 ತಡೆಯುವುದು 40 ವೋಲ್ಟ್. ಎರಡು ಕೇಬಲ್ ಒಂದಕ್ಕೊಂದು ತಾಗಿಸಿ ಕಟ್ಟಿ, ನಡುವೆ ಜಾಗ ಬಿಡಬೇಡಿ. ಕೇಬಲ್ ಹೊರಡುವಲ್ಲಿ ದೊಡ್ಡ ಡಯೋಡ್ ಉಲ್ಟಾ ಹಾಕಿ, ಗೇಟಿಗೆ 15 ವೋಲ್ಟಿನ ಝೀನರ್ (ವೋಲ್ಟ್ ಅದಕ್ಕಿಂತ ಏರದಂತೆ ಹಿಡಿಯುವ ಡಯೋಡ್) ಹಾಕಿ. ಮಾಸ್ಫೆಟ್ ಸತ್ತರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಸಾಯುತ್ತದೆ, ಆಮೇಲೆ ಆನ್ ಮಾಡುವ ಪೆಡಲ್ ಒತ್ತದಿದ್ದರೂ ತುದಿ ತಾಗಿದ ಕೂಡಲೇ ಕೆಪಾಸಿಟರ್ ಪೂರ್ತಿ ಖಾಲಿಯಾಗುತ್ತದೆ. ಈಗ ನಾನು ಮಾಸ್ಫೆಟ್ ಬದಲು ಇನ್ನೊಂದು ಬಗೆಯ ಎಲೆಕ್ಟ್ರಾನಿಕ್ ಸ್ವಿಚ್, ದಪ್ಪದ ಒಂದು ಎಸ್‌ಸಿಆರ್ ಹಾಕಿದ್ದೇನೆ. ಅದು ಒಮ್ಮೆ ಆನ್ ಆದರೆ ಕೆಪಾಸಿಟರ್ ಖಾಲಿಯಾಗುವವರೆಗೆ ನಿಲ್ಲುವುದಿಲ್ಲ, ಹಾಗಾಗಿ ವೋಲ್ಟ್ ಹೀಗೆ ಚಿಮ್ಮುವ ಸ್ಪೈಕಿನ ಕಾಟ ಇಲ್ಲ. ಆದರೆ ಒಂದೆರಡು ವೋಲ್ಟ್ ಅದೇ ತಿನ್ನುತ್ತದೆ, ಒಂದರ ಹಿಂದೆ ಒಂದು ಎರಡು ಪಲ್ಸ್ ಕೊಡಲಿಕ್ಕೂ ಆಗುವುದಿಲ್ಲ.

ಪಟ್ಟಿ ನಿಜವಾದ ನಿಕ್ಕಲ್ಲಾ ನೋಡಿಕೊಳ್ಳಿ. ಚಾಕುವಿನಿಂದ ಗೀರಿ ಒಂದು ರಾತ್ರಿ ಉಪ್ಪುನೀರಲ್ಲಿಡಿ. ಗೀರಿನಲ್ಲಿ ತುಕ್ಕು ಬಂದರೆ ಅದು ಮೇಲೆ ನಿಕ್ಕಲ್ ಬಳಿದ ಸ್ಟೀಲ್. ವೆಲ್ಡ್ ಸುಲಭವಾಗಿ ಆಗುತ್ತದೆ, ಆದರೆ ಲೋಡ್ ಕೊಟ್ಟಾಗ ಬಿಸಿಯಾಗುತ್ತದೆ.

ಮತ್ತೆ ಶಿರಸಿಯಿಂದ, ಹತ್ತು ದಿನದ ಮೇಲೆ:

ಅಳೆದೆ. ವೈರಿನಲ್ಲಿ 28 ಮಿಲಿವೋಲ್ಟ್, ಒಂದೇ ಒಂದು ಲಗ್ಗಿನಲ್ಲಿ 17! ಕೇಬಲ್ ಬದಲಾಯಿಸಿ, ಲಗ್ ಹೊಸದು ಹಾಕಿ, 11 ವೋಲ್ಟಿಗೆ ಹಿಡಿಯಿತು. ಪ್ಲೈಯರಲ್ಲಿ ಎಳೆದರೆ ಪಟ್ಟಿ ಹರಿದು, ವೆಲ್ಡಿನ ಎರಡು ಚುಕ್ಕೆ ಹಳೆ ಸೆಲ್ಲಿನ ಮೇಲೇ ಉಳಿಯಿತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆದರೆ ಕೆಲವು ಸಲ ತಾಮ್ರದ ತುದಿಯೇ ಪಟ್ಟಿಗೆ ಅಂಟಿಕೊಳ್ಳುತ್ತದೆ.

ಕಾರವಾರದಿಂದ:

ಒತ್ತುವುದು ಕಡಿಮೆಯಾಗಿದೆ. ತುದಿ ಚೂಪಿದ್ದರೆ ಸ್ವಲ್ಪ ಚಪ್ಪಟೆ ಮಾಡಿ, ಎರಡನ್ನೂ ಸಮವಾಗಿ ಗಟ್ಟಿ ಒತ್ತಿ ಆಮೇಲೆ ಪೆಡಲ್ ಒತ್ತಿ. ಎರಡು ತುದಿಯ ನಡುವೆ ಪಟ್ಟಿಯಲ್ಲಿ ಕತ್ತರಿಯಿಂದ ಒಂದು ಸೀಳು ಕೊಡಿ. ಕರೆಂಟ್ ಪಟ್ಟಿಯ ಮೇಲೇ ಆಚೆ ಹೋಗಲಿಕ್ಕೆ ಆಗದೆ ಸೆಲ್ಲಿನ ಒಳಗೆ ಇಳಿದು ಬರುತ್ತದೆ, ಆಗ ವೋಲ್ಟ್ ಇನ್ನೂ ಇಳಿಸಬಹುದು. ಕನ್ನಡಕ ಹಾಕದೆ ಕೂರಬೇಡಿ, ಉಂಗುರ ವಾಚು ತೆಗೆದಿಡಿ. ಸೆಲ್ಲಿನ ಪ್ಲಸ್ ಕಡೆ ಕಾಗದದ ರಿಂಗ್ ಹಾಕಿದ ಮೇಲೆಯೇ ಪಟ್ಟಿ ಇಡಿ, ಅಲ್ಲಿ ಪಟ್ಟಿ ಜಾರಿ ಅಂಚಿಗೆ (ಅದು ಮೈನಸ್) ತಾಗಿದರೆ ಸೆಲ್ ಶಾರ್ಟ್ ಆಗುತ್ತದೆ. ಪ್ಯಾಕ್ ಆದ ಮೇಲೆ ಬಿಎಂಎಸ್ (ಸೆಲ್ ಅತಿಯಾಗಿ ಚಾರ್ಜ್ ಆಗದಂತೆ ಕಾಯುವ ಬೋರ್ಡ್) ಇಲ್ಲದೆ ಚಾರ್ಜಿಗೆ ಇಡಬೇಡಿ.